ಸೆಲ್ವಿಯವರ ಪಿಎಚ್.ಡಿ.ಯೂ ಪೊನ್ನಮ್ಮನ ಶನಿವಾರದ ಚೀಲವೂ

ಕೋವಿಡ್ ಕಳೆದು ಶಾಲೆಗಳು ಪೂರ್ತಿಯಾಗಿ ಬಾಗಿಲು ತೆರೆದಿದ್ದ ಕಾಲ. ಆಗ ನಾನು ಕೊಳ್ಳೇಗಾಲದ ಒಂದು ಶಿಕ್ಷಣ ಕಾಲೇಜಿನಲ್ಲಿ ಸಹ ಪ್ರಾಧ್ಯಾಪಕ. ಈಗಲೂ ಅದೇ ಹುದ್ದೆ, ಅದೇ ಕುರ್ಚಿ. ಕುರ್ಚಿಯ ಎಡಗೈ ಮಾತ್ರ ಈ ನಡುವೆ ಕಳಚಿದೆ. ಮನೆ ಯಳಂದೂರಿನಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಕೂತ ಮೇಲೆ ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂಬ ಅನುಮಾನ ಬರುತ್ತದೆ. ಹೆಂಡತಿಗೆ ಫೋನು ಮಾಡುತ್ತೇನೆ. "ನಾನು ಮನೇಲೇ ಇದೀನಿ ಕಣ್ರಿ, ಒಲೆ ಮುಂದೇನೇ ನಿಂತಿದೀನಿ" ಎಂದು ಅವಳು ರೇಗುತ್ತಾಳೆ. ಅಲ್ಲಿಗೆ ಆ ದಿನದ ಮೊದಲ ಚಿಂತೆ ಮುಗಿದು ಎರಡನೆಯದಕ್ಕೆ ಜಾಗವಾಗುತ್ತದೆ.

ಆ ವರ್ಷಗಳಲ್ಲಿ ಎರಡನೆಯ ಚಿಂತೆಯ ಹೆಸರು ಸೆಲ್ವಿ.

ಬಿ.ಇಡಿ. ಮಕ್ಕಳಿಗೆ ಪಾಠ ಹೇಳುವುದರ ಜೊತೆಗೆ ನಾನು ವಿಶ್ವವಿದ್ಯಾನಿಲಯದ ಮಾನ್ಯತೆ ಪಡೆದ ಸಂಶೋಧನಾ ಮಾರ್ಗದರ್ಶಕ, ಅಂದರೆ ಗೈಡ್. ಮಾನ್ಯತೆ ಸಿಕ್ಕಾಗ ಸಿಹಿ ಹಂಚಿದ್ದೆ. ಆಮೇಲೆ ನನ್ನ ಬಳಿ ಪಿಎಚ್.ಡಿ.ಗೆ ಸೇರಿದ ಮೊದಲನೆಯವರು ಬ್ಯಾಂಕಿನ ಕೆಲಸ ಸಿಕ್ಕಿ ಹೋದರು. ಎರಡನೆಯವರು ಏನೂ ಸಿಗದೆಯೇ ಹೋದರು. ಮೂರನೆಯವರು ಸೆಲ್ವಿ. ಇವರೂ ಕೈಬಿಟ್ಟರೆ ನನ್ನ ಹೆಸರಿನ ಮುಂದಿದ್ದ ಗೈಡ್ ಎಂಬ ಪದಕ್ಕೆ ಪ್ರವಾಸಿ ತಾಣಗಳಲ್ಲಿ ಇರುವಷ್ಟು ಅರ್ಥವೂ ಉಳಿಯುತ್ತಿರಲಿಲ್ಲ.

ಶಿಕ್ಷಣಶಾಸ್ತ್ರದಲ್ಲಿ ಪಿಎಚ್.ಡಿ. ಎಂದರೆ ದಪ್ಪನೆಯ ಪುಸ್ತಕವೊಂದನ್ನು ಬರೆದು ಕೊಡುವುದು ಎಂದು ಹೊರಗಿನವರು ತಿಳಿದಿದ್ದಾರೆ. ಬರೆಯುವುದು ಅದರಲ್ಲಿ ಸುಲಭದ ಭಾಗ. ಮೊದಲು ಎಂ.ಇಡಿ. ಆಗಿರಬೇಕು, ಪ್ರವೇಶ ಪರೀಕ್ಷೆ ದಾಟಬೇಕು, ಸಂದರ್ಶನದಲ್ಲಿ ಯಾರಾದರೊಬ್ಬ ಗೈಡ್ "ಇವರು ನನಗಿರಲಿ" ಎನ್ನಬೇಕು. ಆಮೇಲೆ ಕೋರ್ಸ್ ವರ್ಕ್, ಅಂದರೆ ಸಂಶೋಧನೆ ಮಾಡುವುದು ಹೇಗೆ ಎಂಬುದರ ತರಗತಿ ಮತ್ತು ಪರೀಕ್ಷೆ. ದಿನವಿಡೀ ಮಕ್ಕಳಿಗೆ ಉಕ್ತಲೇಖನ ಕೊಟ್ಟವರು ಇಲ್ಲಿ ಬಂದು ತಾವೇ ಬೆಂಚಿನ ಮೇಲೆ ಕೂರಬೇಕು. ಅದಾದ ಮೇಲೆ ಸಿನಾಪ್ಸಿಸ್: ಯಾವ ವಿಷಯ, ಯಾವ ವಿಧಾನ, ಯಾರ ಮೇಲೆ ಎಂಬ ಯೋಜನೆ. ಅದನ್ನು ಡಾಕ್ಟೋರಲ್ ಕಮಿಟಿ ಎಂಬ ಹಿರಿಯರ ಸಮಿತಿ ಒಪ್ಪಬೇಕು. ಆರು ತಿಂಗಳಿಗೊಮ್ಮೆ ಪ್ರಗತಿ ವರದಿ, ಪ್ರಗತಿ ಆಗಿರಲಿ ಬಿಡಲಿ. ಲೇಖನ ಪ್ರಕಟಿಸಬೇಕು, ವಿಚಾರ ಸಂಕಿರಣದಲ್ಲಿ ಪ್ರಬಂಧ ಓದಬೇಕು, ಮಹಾಪ್ರಬಂಧ ಕದ್ದದ್ದಲ್ಲವೆಂದು ಸಾಫ್ಟ್‌ವೇರಿನಿಂದ ಹೇಳಿಸಬೇಕು, ಹೊರಗಿನ ಪರೀಕ್ಷಕರಿಂದ ವರದಿ ಬರಬೇಕು, ಕೊನೆಗೆ ಎಲ್ಲರೆದುರು ಮೌಖಿಕ ಪರೀಕ್ಷೆ. ಇಷ್ಟಕ್ಕೂ ಒಂದು ಗರಿಷ್ಠ ಅವಧಿಯಿದೆ. ವಿಸ್ತರಣೆ ಕೇಳಬಹುದು. ಅದೂ ಮುಗಿದರೆ ನೋಂದಣಿ ರದ್ದು, ಮತ್ತೆ ಪ್ರವೇಶ ಪರೀಕ್ಷೆಯಿಂದ ಶುರು.

ಸೆಲ್ವಿ ತಮಿಳುನಾಡಿನ ಗಡಿಯಲ್ಲಿರುವ ಪಾಲಾರ್ ಕಡೆಯವರು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಗೋಪಿನಾಥಂ ಆಚೆಯ ಕಾಡಂಚಿನ ಒಂದು ಸರ್ಕಾರಿ ಶಾಲೆಯಲ್ಲಿ ಬಹುಕಾಲದಿಂದ ಶಿಕ್ಷಕಿ. ಊರಿನ ನಿಜವಾದ ಹೆಸರು ಬೇಡ, ಹುಣಸೆದೊಡ್ಡಿ ಎಂದಿಟ್ಟುಕೊಳ್ಳೋಣ. ಶಿಕ್ಷಕರನ್ನು ತಯಾರು ಮಾಡುವ ಸಂಸ್ಥೆಯಲ್ಲಿ ಪಾಠ ಹೇಳಬೇಕು, ಗಡಿ ಊರುಗಳಿಗೆ ಹೋಗುವ ಹೊಸ ಮೇಷ್ಟ್ರುಗಳಿಗೆ ಅಲ್ಲಿಯ ಮಕ್ಕಳ ಕಷ್ಟ ಮೊದಲೇ ತಿಳಿದಿರಬೇಕು ಎಂಬುದು ಅವರ ಆಸೆ. ಅಂಥ ಹುದ್ದೆಗೆ ಪಿಎಚ್.ಡಿ. ಬೇಕು.

ಮೊದಲ ಸಂದರ್ಶನದಲ್ಲಿ "ಈ ವಿಷಯವೇ ಯಾಕೆ?" ಎಂದು ಕೇಳಿದ್ದೆ.

"ಒಂದನೇ ಕ್ಲಾಸಲ್ಲಿ ಬಾಯಾರಿತ್ತು ಸಾರ್. ನೀರು ಅನ್ನೋ ಪದ ಗೊತ್ತಿರಲಿಲ್ಲ. ಮಧ್ಯಾಹ್ನದ ಗಂಟೆ ಹೊಡೆಯೋವರೆಗೂ ಸುಮ್ನೆ ಕೂತಿದ್ದೆ" ಎಂದರು.

ನಾನು ಇವರು ನನಗಿರಲಿ ಎಂದೆ.

ಅವರ ಯೋಜನೆ ಹೀಗಿತ್ತು. ಮನೆಯಲ್ಲಿ ತಮಿಳಾಡುವ ನಾಲ್ಕನೇ ತರಗತಿಯ ಮಕ್ಕಳಿಗೆ ಕನ್ನಡ ಓದುವುದನ್ನು ಮನೆಯ ಮಾತಿನ ಮೂಲಕ ಕಲಿಸುವುದು. ಅದಕ್ಕಾಗಿ ರಟ್ಟಿನ ಕಾರ್ಡುಗಳನ್ನು ಮಾಡಿದ್ದರು. ಒಂದು ಮುಖದಲ್ಲಿ ಕನ್ನಡ ಅಕ್ಷರದಲ್ಲೇ "ತಣ್ಣಿ" ಎಂದಿರುತ್ತದೆ, ತಿರುಗಿಸಿದರೆ "ನೀರು". ಮಗು ಗೊತ್ತಿರುವ ಪದವನ್ನು ಗೊತ್ತಿಲ್ಲದ ಅಕ್ಷರದಲ್ಲಿ ಓದುತ್ತದೆ, ಆಮೇಲೆ ಗೊತ್ತಿಲ್ಲದ ಪದವನ್ನು ಗೊತ್ತಾದ ಅಕ್ಷರದಲ್ಲಿ. "ಮೀನು" ಎಂಬ ಕಾರ್ಡಿಗೆ ಎರಡು ಕಡೆಯೂ ಒಂದೇ ಪದ. ಮಕ್ಕಳಿಗೆ ಬಹಳ ಇಷ್ಟವಾದ ಕಾರ್ಡು ಅದೇ ಎಂದು ಸೆಲ್ವಿ ಹೇಳುತ್ತಿದ್ದರು. ಕಾರ್ಡುಗಳನ್ನು ಇಟ್ಟುಕೊಂಡು ಆಟಗಳು, ಆಟದ ಮೇಲೆ ಸಣ್ಣ ಸಣ್ಣ ವಾಕ್ಯಗಳು.

ಇದು ಪ್ರಾಯೋಗಿಕ ಸಂಶೋಧನೆ. ಅಂದರೆ ಎರಡು ಗುಂಪು ಬೇಕು. ಒಂದು ಗುಂಪಿಗೆ ಹೊಸ ವಿಧಾನದಲ್ಲಿ ಪಾಠ. ಇನ್ನೊಂದಕ್ಕೆ, ಅದನ್ನು ನಿಯಂತ್ರಿತ ಗುಂಪು ಅಥವಾ ಕಂಟ್ರೋಲ್ ಗ್ರೂಪ್ ಎನ್ನುತ್ತೇವೆ, ಎಂದಿನ ಪಾಠ. ಮೊದಲೊಂದು ಪರೀಕ್ಷೆ, ಕೊನೆಗೊಂದು ಪರೀಕ್ಷೆ. ಮೊದಲ ಗುಂಪು ಮುಂದೆ ಹೋಗಿ ಎರಡನೆಯದು ಇದ್ದಲ್ಲೇ ಇದ್ದರೆ ಹೊಸ ವಿಧಾನ ಗೆದ್ದಂತೆ.

ಕಮಿಟಿಯ ಮುಂದೆ ಸಿನಾಪ್ಸಿಸ್ ಹೋದಾಗ ಅಧ್ಯಕ್ಷರು ಒಂದೇ ಪಟ್ಟು ಹಿಡಿದರು. "ಎರಡು ಗುಂಪುಗಳೂ ಎಲ್ಲ ವಿಧದಲ್ಲೂ ಸಮಾನವಾಗಿರಬೇಕು. ಅದೇ ಮಾತು, ಅದೇ ಕಸುಬು, ಅದೇ ಜನ. ಆದರೆ ಪರಸ್ಪರ ಸಂಪರ್ಕ ಇರಕೂಡದು."

ಹುಡುಕಿದಾಗ ಸಿಕ್ಕಿದ್ದು ಇನ್ನೊಂದು ಊರು, ಅದಕ್ಕೆ ಕಲ್ಲುದೊಡ್ಡಿ ಎಂದು ಹೆಸರಿಡುತ್ತೇನೆ. ಅದೇ ಮಾತು, ಅದೇ ರಾಗಿ ಹೊಲ, ಅದೇ ಮೀನು ಹಿಡಿಯುವ ಕೆಲಸ. ನಕ್ಷೆಯಲ್ಲಿ ನೋಡಿದರೆ ರಸ್ತೆ ಬಹಳ ಸುತ್ತು; ಬಸ್ಸೂ ನೇರ ಇಲ್ಲ. ಕಮಿಟಿಗೆ ಸಂತೋಷವಾಯಿತು. ನನಗೆ ಇನ್ನೂ ಸಂತೋಷವಾಯಿತು. ಸಂತೋಷವಾದಾಗಲೂ ಚಿಂತೆ ಮಾಡುವವನು ನಾನು; ಅದನ್ನು ಮರೆತದ್ದು ಇದೊಂದೇ ಸಲ.

ಪ್ರಯೋಗ ನಡೆಯಿತು. ಅಷ್ಟರೊಳಗೆ ಕೋವಿಡ್ಡಿನಲ್ಲಿ ಹೋದ ಕಾಲ, ಸೆಲ್ವಿಯವರ ಚುನಾವಣಾ ಕರ್ತವ್ಯ, ನನ್ನ ಕಾಲೇಜಿನ ತಪಾಸಣೆ ಎಲ್ಲ ಸೇರಿ ಗರಿಷ್ಠ ಅವಧಿ ಮುಗಿದು, ಕೊನೆಯ ವಿಸ್ತರಣೆಯೂ ಅರ್ಧ ಕರಗಿತ್ತು. ಕೊನೆಯ ಪರೀಕ್ಷೆ ಬರೆಸಿ, ಅಂಕಗಳನ್ನು ತೆಗೆದುಕೊಂಡು ಸೆಲ್ವಿ ಕೊಳ್ಳೇಗಾಲಕ್ಕೆ ಬಂದರು. ನಮ್ಮ ಕಾಲೇಜಿನ ಕಂಪ್ಯೂಟರ್ ಕೊಠಡಿಯಲ್ಲಿ ಶಿವಸ್ವಾಮಿ ಕೂತಿದ್ದ. ಅವನು ನನ್ನ ಸಹೋದ್ಯೋಗಿ, ಸಂಖ್ಯಾಶಾಸ್ತ್ರ ಬಲ್ಲವನು. ಟಿ-ಪರೀಕ್ಷೆ ಎಂಬ ಲೆಕ್ಕವೊಂದಿದೆ; ಎರಡು ಗುಂಪುಗಳ ಸರಾಸರಿಯಲ್ಲಿ ಕಾಣುವ ವ್ಯತ್ಯಾಸ ನಿಜವಾದದ್ದೋ ಆಕಸ್ಮಿಕವೋ ಎಂದು ಅದು ಹೇಳುತ್ತದೆ. ಶಿವಸ್ವಾಮಿ ಅದನ್ನು ಹಾಕಿ ನೋಡಿ, ಮತ್ತೆ ಹಾಕಿ ನೋಡಿ, ಕನ್ನಡಕ ತೆಗೆದ.

"ಏನಾಯ್ತೋ?"

"ವ್ಯತ್ಯಾಸವೇ ಇಲ್ಲ ಸರ್. ಎರಡೂ ಗುಂಪು ಒಂದೇ ಸಮ ಮೇಲಕ್ಕೆ ಹೋಗಿವೆ."

ನಾನು ಕಾಲಂ ತಪ್ಪಾಗಿರಬೇಕು ಎಂದೆ. ಆಗಿರಲಿಲ್ಲ. ಅಂಕ ಕೂಡುವುದು ತಪ್ಪಾಗಿರಬೇಕು ಎಂದೆ. ಅದೂ ಆಗಿರಲಿಲ್ಲ. ಕಾರ್ಡು ಮುಟ್ಟದ ಕಲ್ಲುದೊಡ್ಡಿಯ ಮಕ್ಕಳು ಕಾರ್ಡು ಆಡಿದ ಹುಣಸೆದೊಡ್ಡಿಯ ಮಕ್ಕಳಷ್ಟೇ ಚೆನ್ನಾಗಿ ಓದುತ್ತಿದ್ದರು. ಅಂದರೆ, ಸಂಶೋಧನೆಯ ಭಾಷೆಯಲ್ಲಿ, ಸೆಲ್ವಿಯವರ ವಿಧಾನದಿಂದ ಏನೂ ಆಗಲಿಲ್ಲ. ಶಾಲೆಯ ವರ್ಷ ಮುಗಿಯುತ್ತ ಬಂದಿತ್ತು. ಮತ್ತೊಮ್ಮೆ ಪ್ರಯೋಗ ಮಾಡಲು ಕಾಲವಿರಲಿಲ್ಲ.

ಸೆಲ್ವಿ ಕೈಚೀಲದ ಜಿಪ್ಪನ್ನು ಎಳೆಯುವುದು, ಹಾಕುವುದು, ಅಷ್ಟೇ ಮಾಡುತ್ತಿದ್ದರು.

ಅವರು ನೀರು ಕುಡಿಯಲು ಹೊರಗೆ ಹೋದಾಗ ಶಿವಸ್ವಾಮಿ ಕುರ್ಚಿ ಹತ್ತಿರ ಎಳೆದುಕೊಂಡ. ಕೆಟ್ಟವನಲ್ಲ, ಇಂಥದ್ದನ್ನು ಹೇಳುವಾಗಲೂ ಅವನ ದನಿಯಲ್ಲಿ ಕರುಣೆಯೇ ಇತ್ತು. "ಸರ್, ಆಯಮ್ಮ ಇಷ್ಟು ವರ್ಷ ಒದ್ದಾಡಿದೆ. ಕಂಟ್ರೋಲ್ ಗ್ರೂಪಿನ ಕೊನೆ ಪರೀಕ್ಷೆ ಅಂಕ ಒಂಚೂರು ಇಳಿಸಿದ್ರೆ ಮುಗೀತು. ಯಾರು ಆ ಕಾಡಿಗೆ ಹೋಗಿ ನೋಡ್ತಾರೆ? ಆ ಮಕ್ಕಳಿಗೇನು ನಷ್ಟ?"

ನಾನು ಛೆ ಛೆ ಎಂದೆ. ಎಷ್ಟು ಮೆಲ್ಲಗೆ ಎಂದರೆ ಅವನಿಗೆ ಅದು ನೋಡೋಣ ಎಂದು ಕೇಳಿಸಿರಬೇಕು. ಯಳಂದೂರಿನ ಬಸ್ಸಿನಲ್ಲಿ ಕೂತು ಅದೇ ಯೋಚಿಸಿದೆ. ಇಳಿಸಿದರೆ ಸಿಕ್ಕಿಬೀಳುವ ಚಿಂತೆ, ಇಳಿಸದಿದ್ದರೆ ಸೆಲ್ವಿಯವರ ಇಷ್ಟು ವರ್ಷಗಳು ಮಣ್ಣುಪಾಲಾಗುವ ಚಿಂತೆ. ಎರಡನ್ನೂ ಒಟ್ಟಿಗೆ ಮಾಡುವ ಶಕ್ತಿ ನನಗೆ ದೇವರು ಕೊಟ್ಟಿದ್ದಾನೆ. ಮನೆಯಲ್ಲಿ ಊಟ ಬಿಟ್ಟು ಕೂತಾಗ ಹೆಂಡತಿ, "ಅಲ್ರೀ, ಆ ಊರಿನ ಮಕ್ಕಳು ಹೆಂಗೆ ಕಲಿತವೆ ಅಂತ ಅಲ್ಲೇ ಹೋಗಿ ಕೇಳಬಾರದಾ? ಇಲ್ಲಿ ಕೂತು ಮುದ್ದೆ ಆರಿಸಿದರೆ ಗೊತ್ತಾಗುತ್ತಾ?" ಎಂದಳು.

ಮರುವಾರ ನಾನೂ ಸೆಲ್ವಿಯೂ ಹೊರಟೆವು. ಬೇಸಿಗೆ ರಜೆ ಹತ್ತಿರವಿತ್ತು. ಹನೂರಿನವರೆಗೆ ಸುಖ. ಅಲ್ಲಿಂದ ಮಾದಪ್ಪನ ಬೆಟ್ಟದ ಬಸ್ಸು, ಬೆಟ್ಟ ಇಳಿದು ಪಾಲಾರ್, ಆಮೇಲೆ ಇರುವ ಒಂದೋ ಎರಡೋ ಬಸ್ಸಿಗೆ ಕಾಯುವುದು. ನನಗೆ ತಿರುವುಗಳಲ್ಲಿ ಹೊಟ್ಟೆ ತೊಳಸುತ್ತದೆ. ಸೆಲ್ವಿ ನಿಂಬೆಹಣ್ಣು ಕೊಟ್ಟರು. ಗೈಡ್ ಎನಿಸಿಕೊಂಡವನು ದಾರಿಯುದ್ದಕ್ಕೂ ನಿಂಬೆಹಣ್ಣು ಮೂಸುತ್ತ, ಶಿಷ್ಯೆ ಹೇಳಿದಲ್ಲಿ ಇಳಿಯುತ್ತ, ಹೇಳಿದಲ್ಲಿ ಹತ್ತುತ್ತ ಹೋದೆ.

ಕಲ್ಲುದೊಡ್ಡಿಯ ಶಾಲೆಯಲ್ಲಿ ರಾಜಪ್ಪ ಮೇಷ್ಟ್ರು ಇದ್ದರು. ಹನೂರಿನವರು, ನಿವೃತ್ತಿಗೆ ಹತ್ತಿರ. ನಾನು ವಿಷಯ ಹೇಳುತ್ತಿದ್ದಂತೆ ಅವರಿಗೆ ತಮ್ಮ ಮೇಲೆ ಆರೋಪ ಬಂತು ಅನ್ನಿಸಿತು.

"ಅಲ್ಲಾ ಸಾ, ಈ ಮೇಡಮ್ಮೇ ಯೋಳಿದ್ರು, ನಿಮ್ಮ ಮಾಮೂಲಿ ಪಾಠನೇ ಮಾಡಿ, ಹೊಸದೇನೂ ಮಾಡಬ್ಯಾಡಿ ಅಂತ. ಒಂದಿನಾನೂ ಹೊಸದು ಮಾಡಿಲ್ಲ ಸಾ. ಮಾದಪ್ಪನಾಣೆಗೂ ಮಾಡಿಲ್ಲ."

"ಮತ್ತೆ ಮಕ್ಕಳು ಹೇಗೆ ಕಲಿತರು?"

"ಅದೇ ನಂಗೂ! ಸೋಮವಾರ ಬಂದ್ರೆ ಓದೋವು. ಬಸ್ಸಿನ ಬೋರ್ಡ್ ಓದೋವು, ಅಕ್ಕಿ ಚೀಲದ ಮ್ಯಾಲಿದ್ದುದ್ದ ಓದೋವು. ಇಷ್ಟು ವರ್ಷಕ್ಕೆ ನನ್ನ ಪಾಠ ಕೈಗೆ ಹತ್ತಿತು ಅಂತ ನಾನು ಮನೇಲಿ ಹೆಂಡ್ತಿ ತಾವ ಬೇರೆ ಯೋಳ್ಕಂಡಿದ್ದೆ ಸಾ." ಅವರು ಸೆಲ್ವಿಯವರತ್ತ ತಿರುಗಿದರು. "ನನ್ನ ಪಾಠ ಅಲ್ವಾಮ್ಮ ಅದು?"

ಆ ಮುಖ ನೋಡಿ ನನಗೆ ಹೌದು ಎಂದುಬಿಡೋಣ ಅನ್ನಿಸಿತು.

ಸೋಮವಾರ ಎಂಬ ಮಾತು ಸೆಲ್ವಿಯವರಿಗೆ ನಾಟಿತ್ತು. ಮಕ್ಕಳನ್ನು ತಮಿಳಿನಲ್ಲಿ ಏನೋ ಕೇಳಿದರು. ಮಕ್ಕಳು ಒಟ್ಟಿಗೆ ಕೂಗಿದರು. ನನಗೆ ಅರ್ಥವಾದದ್ದು ಎರಡೇ ಪದ: "ಪೊನ್ನಮ್ಮ ಅತ್ತೆ."

ಪೊನ್ನಮ್ಮ ನನಗೆ ಗೊತ್ತಿದ್ದವರೇ. ಹುಣಸೆದೊಡ್ಡಿ ಶಾಲೆಯ ಬಿಸಿಯೂಟದ ಅಡುಗೆಯವರು. ನಾನು ಹಿಂದೊಮ್ಮೆ ಪ್ರಯೋಗ ನೋಡಲು ಹೋಗಿದ್ದಾಗ ಎರಡನೇ ಸಲ ಸಾಂಬಾರು ಬೇಡವೆಂದದ್ದಕ್ಕೆ ಮುನಿಸಿಕೊಂಡಿದ್ದರು. ಆದರೆ ಹುಣಸೆದೊಡ್ಡಿಯ ಅಡುಗೆಯವರು ಕಲ್ಲುದೊಡ್ಡಿಯ ಮಕ್ಕಳಿಗೆ ಅತ್ತೆ ಆದದ್ದು ಹೇಗೆ?

"ನಡೀರಿ ಸಾರ್, ಹುಣಸೆದೊಡ್ಡಿಗೇ ಹೋಗೋಣ" ಎಂದರು ಸೆಲ್ವಿ.

"ಬಸ್ಸು?"

"ಬಸ್ಸೆಂತದು ಸಾ" ಎಂದರು ರಾಜಪ್ಪ ಮೇಷ್ಟ್ರು. "ಆ ಹಳ್ಳ ದಾಟಿದ್ರೆ ಅದೇಯ. ಒಂದು ಬೀಡಿ ಸೇದದ್ರೊಳಗೆ ಓಯ್ತೀರಿ. ಸಾಯಂಕಾಲ ಆದ್ರೆ ಮಾತ್ರ ಬ್ಯಾಡಿ, ಆನೆ ಅವ."

ನಕ್ಷೆಯಲ್ಲಿ ರಸ್ತೆ ಇತ್ತು, ಹಳ್ಳ ಇರಲಿಲ್ಲ. ಇದ್ದರೂ ಒಣಗಿದ ಹಳ್ಳ ಸೇತುವೆಯ ಹಾಗೆಯೇ ಎಂದು ಕಮಿಟಿಗೆ ಯಾರು ಹೇಳಬೇಕಿತ್ತು? ಹಳ್ಳದ ಮರಳಿನಲ್ಲಿ ಕಾಲುದಾರಿ ಎಷ್ಟು ಸವೆದಿತ್ತೆಂದರೆ ಚಪ್ಪಲಿ ತಾನಾಗಿ ಅದರಲ್ಲೇ ಹೋಗುತ್ತಿತ್ತು.

ಪೊನ್ನಮ್ಮ ಶಾಲೆಯ ಅಡುಗೆ ಕೋಣೆಯ ಮುಂದೆ ಪಾತ್ರೆ ತೊಳೆಯುತ್ತಿದ್ದರು. ಸೆಲ್ವಿ ಸುತ್ತಿಬಳಸದೆ ಕೇಳಿದರು. ಪೊನ್ನಮ್ಮ ಅಷ್ಟೇ ಸಲೀಸಾಗಿ ಹೇಳಿದರು. ಕ್ಲಾಸಿನ ಬೀರುವಿಗೆ ಗೆದ್ದಲು ಹಿಡಿದಿತ್ತಲ್ಲ, ಕಾರ್ಡುಗಳನ್ನು ಅಡುಗೆ ಕೋಣೆಯಲ್ಲೇ ತಾನೇ ಇಡುತ್ತಿದ್ದದ್ದು? ಶನಿವಾರ ಅಡುಗೆ ಮುಗಿಸಿ ಅವರು ಪ್ರತಿವಾರ ಮಗಳನ್ನು ಕರೆದುಕೊಂಡು ತವರಿಗೆ ಹೋಗುತ್ತಾರೆ. ತವರು ಕಲ್ಲುದೊಡ್ಡಿ. ಮೊದಲ ವಾರವೇ ಮಗಳು ಕಾರ್ಡಿನ ಆಟ ಆಡಬೇಕೆಂದು ಹಟ ಹಿಡಿದಳು. ಚೀಲದಲ್ಲಿ ಹಾಕಿಕೊಂಡು ಹೋದರು. ಭಾನುವಾರ ಮಾರಮ್ಮನ ಗುಡಿ ಜಗಲಿಯ ಮೇಲೆ ಅಣ್ಣನ ಮಕ್ಕಳು, ಪಕ್ಕದ ಮನೆಯವು, ಎಲ್ಲ ಸೇರಿ ಆಡಿದವು. ಸೋಮವಾರ ಬೆಳಿಗ್ಗೆ ಕಾರ್ಡುಗಳು ಮತ್ತೆ ಅಡುಗೆ ಕೋಣೆಯ ಗೂಡಿನಲ್ಲಿ. ವಾರವಾರವೂ.

"ಕಾರ್ಡಿಗೆ ಅರಿಶಿನದ ಕಲೆ ಆಗಿತ್ತು. ಇಲ್ಲೇ ಆಗಿರುತ್ತೆ ಅಂದ್ಕೊಂಡಿದ್ದೆ" ಎಂದು ಸೆಲ್ವಿ ನೆಲ ನೋಡಿದರು.

ಬಿಸಿಲಲ್ಲಿ ನಡೆದು ಬಂದವನು ನಾನು. ಸ್ವಲ್ಪ ಗಡುಸಾಗಿಯೇ ಮಾತಾಡಿದೆ. "ಅಲ್ಲಮ್ಮಾ, ಈ ಕಾರ್ಡು ಈ ಶಾಲೆಯ ಮಕ್ಕಳಿಗೆ ಮಾತ್ರ ಅಂತ ಮೇಡಂ ಹೇಳಿರಲಿಲ್ವಾ?"

"ಯೋಳಿದ್ರು ಸಾ."

"ಮತ್ತೆ?"

ಪೊನ್ನಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು. "ಅದೂ ನಮ್ಮ ಪುಳ್ಳೆಂಗ ತಾನೆ ಸಾ? ನಾನು ಅಡುಗೆ ಮಾಡಿ ಇಕ್ಕೋಳು. ಒಂದು ಸಾಲ್ಗೆ ಇಕ್ಬುಟ್ಟು ಇನ್ನೊಂದು ಸಾಲು ಬಾಯಿ ನೋಡ್ಕಂಡು ಕೂತಿರ್ಬೇಕಾದ್ರೆ ಮುಂದಕ್ಕೆ ಓಯ್ತಾ ಇರಕ್ಕಾಯ್ತದಾ?"

ಪುಳ್ಳೆಂಗ ಎಂದರೆ ಮಕ್ಕಳು. ಅದಕ್ಕೆ ಅನುವಾದ ಬೇಕಿರಲಿಲ್ಲ. ನಾನು ಬಿ.ಇಡಿ. ತರಗತಿಯಲ್ಲಿ ಕಂಟ್ರೋಲ್ ಗ್ರೂಪ್ ಎಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ಚೌಕ ಬರೆದಿದ್ದೇನೆ. ಆ ಚೌಕದೊಳಗೆ ಕೂತವರಿಗೆ ಬಡಿಸದೆ ಹೋಗುವುದಕ್ಕೆ ನಮ್ಮಲ್ಲಿ ಪಂಕ್ತಿಭೇದ ಎಂಬ ಹೆಸರಿದೆ, ಅದು ಮದುವೆ ಮನೆಯಲ್ಲಿ ಜಗಳಕ್ಕೆ ಸಾಕಾಗುವಷ್ಟು ದೊಡ್ಡ ತಪ್ಪು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಕಮಿಟಿ ಕೇಳಿದಂತೆ ಎರಡು ಊರುಗಳೂ ಎಲ್ಲ ವಿಧದಲ್ಲೂ ಸಮಾನವಾಗಿದ್ದವು. ಅಷ್ಟು ಸಮಾನವಾಗಿದ್ದದ್ದು ಬೀಗರಾಗಿದ್ದರಿಂದ.

ವಾಪಸು ಬರುವಾಗ ಪಾಲಾರಿನಲ್ಲಿ ಬಸ್ಸಿಗೆ ಕಾಯುತ್ತ ಕೂತೆವು. ಎದುರಿಗೆ ಚೆಕ್‌ಪೋಸ್ಟು, ಅದರಾಚೆ ತಮಿಳುನಾಡಿನ ರಸ್ತೆ. ಸುಸ್ತಾಗಿತ್ತು. ಕಾರಣ ತಿಳಿದದ್ದರಿಂದ ಏನೂ ಸುಲಭವಾಗಿರಲಿಲ್ಲ. ಹೋಲಿಸಲು ಕಂಟ್ರೋಲ್ ಗ್ರೂಪೇ ಇಲ್ಲವೆಂದ ಮೇಲೆ ಪ್ರಯೋಗ ಪ್ರಯೋಗವೇ ಅಲ್ಲ. ಹೊಸ ಊರು ಹುಡುಕಲು ಕಾಲವಿಲ್ಲ. ಶಿವಸ್ವಾಮಿಯ ಮಾತು ನನ್ನ ಗಂಟಲಿನವರೆಗೆ ಬಂತು.

"ಸೆಲ್ವಿ, ಶಿವಸ್ವಾಮಿ ಒಂದು ದಾರಿ ಹೇಳಿದ್ದ. ನಾನು ಮಾಡಿ ಅನ್ನುತ್ತಿಲ್ಲ. ಹೇಳಿದ್ದ ಅಂತ ಹೇಳುತ್ತಿದ್ದೇನೆ ಅಷ್ಟೇ."

"ಗೊತ್ತು ಸಾರ್. ಅವತ್ತು ಬಾಗಿಲ ಆಚೆ ಕೇಳಿಸ್ತು."

ಚೆಕ್‌ಪೋಸ್ಟು ದಾಟಿ ಒಂದು ಲಾರಿ ಹೋಯಿತು.

"ಆ ಮಕ್ಕಳು ಓದ್ತವೆ ಸಾರ್" ಎಂದರು ಸೆಲ್ವಿ. "ನನ್ನ ಕಣ್ಣಾರೆ ನೋಡಿದೆ. ಓದಲ್ಲ ಅಂತ ನಾನು ಹೆಂಗೆ ಬರೀಲಿ?"

"ರಿಜಿಸ್ಟ್ರೇಷನ್ ಹೋಗಬಹುದು."

"ಹೋಗಬಹುದು" ಎಂದರು. ಹೇಳುವಾಗ ಕಣ್ಣು ಒದ್ದೆಯಾಗಿತ್ತು. ಧೈರ್ಯದ ಮಾತೆಂದು ನಾನು ಬರೆಯಲಾರೆ. ಬೇರೆ ಏನೂ ಬರೆಯಲು ಕೈ ಬರದವರ ಮಾತು ಅದು.

ಆಮೇಲಿನ ತಿಂಗಳುಗಳನ್ನು ನೆನೆದರೆ ಈಗಲೂ ಬೆನ್ನು ನೋಯುತ್ತದೆ. ಪ್ರಬಂಧವನ್ನು ಇದ್ದದ್ದು ಇದ್ದಂತೆ ಬರೆಯಲು ಶುರುಮಾಡಿದೆವು. ಎರಡೂ ಗುಂಪು ಮುಂದೆ ಹೋಗಿವೆ. ಎರಡಕ್ಕೂ ಕಾರ್ಡು ಸಿಕ್ಕಿದೆ. ಆದ್ದರಿಂದ ಈ ಪ್ರಯೋಗದಿಂದ ವಿಧಾನ ಗೆದ್ದಿತು ಎಂದು ಹೇಳಲಾಗದು, ಸೋತಿತು ಎಂದೂ ಹೇಳಲಾಗದು. ಹೀಗೆ ಒಂದು ಗುಂಪಿನ ಪಾಠ ಇನ್ನೊಂದಕ್ಕೆ ಸೋರಿಹೋಗುವುದನ್ನು ಸಂಶೋಧಕರು ಡಿಫ್ಯೂಷನ್ ಎನ್ನುತ್ತಾರೆ. ಸಾಮಾನ್ಯವಾಗಿ ಅದಕ್ಕೆ ಮಿತಿಗಳು ಎಂಬ ಶೀರ್ಷಿಕೆಯ ಕೆಳಗೆ ಎರಡು ಸಾಲು ಸಿಗುತ್ತದೆ. ಸೆಲ್ವಿ ಅದಕ್ಕೊಂದು ಅಧ್ಯಾಯವನ್ನೇ ಕೊಟ್ಟರು. ಪ್ರತಿ ಭಾನುವಾರ ಆ ಜಗಲಿಗೆ ಹೋಗಿ ಕೂತರು. ಯಾವ ಮಗು ಯಾರಿಂದ ಕಲಿಯಿತು, ಆಟದ ನಿಯಮ ದಾರಿಯಲ್ಲಿ ಹೇಗೆ ಬದಲಾಯಿತು, ತಾಯಂದಿರು ಯಾವಾಗ ಸೇರಿಕೊಂಡರು ಎಂದು ಬರೆದುಕೊಂಡರು.

ಕೊಲೊಕ್ವಿಯಂ, ಅಂದರೆ ಪ್ರಬಂಧ ಸಲ್ಲಿಸುವ ಮುಂಚೆ ವಿಭಾಗದವರೆದುರು ಮಂಡಿಸುವ ಸಭೆ, ಚೆನ್ನಾಗಿ ಆಗಲಿಲ್ಲ. "ಇದು ಸಂಶೋಧನೆಯೋ ನೆಂಟರ ಮನೆ ಕಥೆಯೋ?" ಎಂದು ಒಬ್ಬರು ಕೇಳಿದರು. ಕಮಿಟಿಯ ಅಧ್ಯಕ್ಷರು ನನ್ನ ಕಡೆ ನೋಡಿ, "ಗೈಡ್ ಏನು ಮಾಡುತ್ತಿದ್ದರು?" ಎಂದರು. ಗೈಡ್ ನಿಂಬೆಹಣ್ಣು ಮೂಸುತ್ತಿದ್ದರು ಎಂದು ಹೇಳಲು ಬಾಯಿ ಬರಲಿಲ್ಲ. ಕೊನೆಗೆ ಸಲ್ಲಿಸಲು ಒಪ್ಪಿಗೆ ಸಿಕ್ಕಿತು, ಮುಖ ಗಂಟಿಕ್ಕಿಕೊಂಡೇ. ಕೃತಿಚೌರ್ಯದ ಸಾಫ್ಟ್‌ವೇರು ಮಾತ್ರ ಸೆಲ್ವಿಯವರನ್ನು ಮೆಚ್ಚಿತು. ಎಲ್ಲಿಂದಲೂ ಕದ್ದಿಲ್ಲ ಎಂದಿತು. ನಮ್ಮ ಕನ್ನಡ ಫಾಂಟು ಅದಕ್ಕೆ ಓದಲು ಬರುತ್ತಿರಲಿಲ್ಲ ಎಂಬುದು ನನ್ನ ಅನುಮಾನ.

ಅವಧಿ ಮುಗಿಯುವ ಮುನ್ನ ಪ್ರಬಂಧ ಹೋಯಿತು. ಬಹಳ ಕಾಲದ ಮೇಲೆ ವರದಿಗಳು ಬಂದವು. ಒಬ್ಬ ಪರೀಕ್ಷಕರು ಒಪ್ಪಿದ್ದರು. ಇನ್ನೊಬ್ಬರು ತಿದ್ದಿ ತರಲು ಹೇಳಿದ್ದರು: ವಿಧಾನದ ಪರಿಣಾಮದ ಬಗ್ಗೆ ಉಳಿದಿದ್ದ ಒಂದೆರಡು ದೊಡ್ಡ ಮಾತುಗಳನ್ನು ತೆಗೆಯಬೇಕು, ಸೋರಿಕೆಯ ಅಧ್ಯಾಯವನ್ನು ಇನ್ನೂ ಬೆಳೆಸಬೇಕು. ಅಂದರೆ ಮತ್ತೆ ಬರೆಯಬೇಕು. ಸೆಲ್ವಿ ಬರೆದರು. ಶಾಲೆ, ಮನೆ, ಬಸ್ಸು, ಬರಹ. ಆ ದಿನಗಳಲ್ಲಿ ಅವರು ಫೋನಿನಲ್ಲಿ ಹಲೋ ಎನ್ನುವುದನ್ನೇ ಬಿಟ್ಟಿದ್ದರು. ನೇರ ಪುಟಸಂಖ್ಯೆಯಿಂದ ಮಾತು ಶುರುವಾಗುತ್ತಿತ್ತು.

ಮೌಖಿಕ ಪರೀಕ್ಷೆ ವಿಶ್ವವಿದ್ಯಾನಿಲಯದಲ್ಲಿ. ಅದು ಮುಕ್ತ ಪರೀಕ್ಷೆ, ಯಾರು ಬೇಕಾದರೂ ಬಂದು ಕೂರಬಹುದು. ಸಾಮಾನ್ಯವಾಗಿ ಬರುವವರು ಮನೆಯವರು ಮತ್ತು ಮುಂದಿನ ಸರದಿಯ ಅಭ್ಯರ್ಥಿಗಳು. ಕೊನೆಗೆ "ಸಭೆಯಿಂದ ಪ್ರಶ್ನೆಗಳಿವೆಯೇ?" ಎಂದು ಕೇಳುವ ಪದ್ಧತಿಯಿದೆ. ಆಗ ಎದ್ದು ಸುಲಭದ್ದೊಂದು ಕೇಳಲಿ ಎಂದು ಶಿವಸ್ವಾಮಿಯನ್ನು ಕರೆತಂದಿದ್ದೆ. ಅವನ ಪ್ರಶ್ನೆಯನ್ನು ನಾನೇ ಬರೆದುಕೊಟ್ಟಿದ್ದೆ.

ಹಿಂದಿನ ಸಾಲಿನಲ್ಲಿ ಪೊನ್ನಮ್ಮ ಕೂತಿದ್ದರು. ಜೊತೆಗೆ ಎರಡೂ ದೊಡ್ಡಿಗಳ ಕೆಲವು ಹೆಂಗಸರು. ಹಿಂದಿನ ದಿನವೇ ಹೊರಟು ಹನೂರಿನಲ್ಲಿ ನೆಂಟರ ಮನೆಯಲ್ಲಿ ಉಳಿದು ಬಂದಿದ್ದರಂತೆ. ಮಡಿಲಲ್ಲಿ ಅದೇ ಚೀಲ.

ತಿದ್ದಲು ಹೇಳಿದ್ದ ಪರೀಕ್ಷಕರೇ ಬಂದಿದ್ದರು. ಮೆಲುದನಿಯ ಹಿರಿಯರು, ಅಂಥವರಿಗೇ ನಾನು ಹೆಚ್ಚು ಹೆದರುವುದು. ಸೆಲ್ವಿ ಮಂಡಿಸಿ ಮುಗಿಸಿದ ಮೇಲೆ ಅವರು ಕೇಳಿದರು, "ನಿಮ್ಮ ಪ್ರಯೋಗ ವಿಫಲವಾಗಿದೆ. ಒಪ್ಪುತ್ತೀರಾ?"

"ಹೋಲಿಕೆ ವಿಫಲವಾಗಿದೆ ಸರ್. ಒಪ್ಪುತ್ತೇನೆ. ಐದನೇ ಅಧ್ಯಾಯದಲ್ಲಿ ನಾನೇ ಬರೆದಿದ್ದೇನೆ."

"ಹಾಗಾದರೆ ಪದವಿ ಯಾತಕ್ಕೆ ಕೊಡಬೇಕು?"

ಸೆಲ್ವಿ ನೀರಿನ ಬಾಟಲಿ ಮುಚ್ಚಳ ತಿರುಗಿಸಿ, ಕುಡಿಯದೆ ಹಾಗೇ ಇಟ್ಟರು.

"ಎರಡು ಊರಿನ ಮಧ್ಯೆ ಒಂದು ಪಾಠ ಹೇಗೆ ನಡೆದುಕೊಂಡು ಹೋಯಿತು ಅನ್ನೋದು ನನಗೆ ಗೊತ್ತು ಸರ್. ಅಷ್ಟನ್ನು ಸರಿಯಾಗಿ ಬರೆದಿದ್ದೇನೆ. ಸಾಕೋ ಸಾಲದೋ ನೀವು ಹೇಳಬೇಕು."

ಪರೀಕ್ಷಕರು ಪುಟ ತಿರುವಿದರು. ಅಧ್ಯಕ್ಷರು ಪದ್ಧತಿಯಂತೆ ಸಭೆಯತ್ತ ನೋಡಿದರು. ಶಿವಸ್ವಾಮಿ ಏಳುವಷ್ಟರಲ್ಲಿ ಹಿಂದಿನ ಸಾಲಿನಿಂದ ಬಳೆಯ ಸದ್ದಾಯಿತು.

"ನಾನೊಂದು ಕೇಳ್ಲಾ ಸಾ?"

ಪೊನ್ನಮ್ಮ ಎದ್ದು ನಿಂತಿದ್ದರು. ಸೆಲ್ವಿ ಕಣ್ಣು ಮುಚ್ಚಿಕೊಂಡರು. ಪರೀಕ್ಷಕರು "ಕೇಳಿ ತಾಯಿ" ಎಂದರು.

"ಕಾರ್ಡು ತಕಂಡೋದೋಳು ನಾನೇಯ. ನಮ್ಮಿಂದ ಈಯಮ್ಮುಂಗೆ ಬೋ ತೊಂದ್ರೆ ಆಯ್ತಂತೆ. ಇನ್ಮುಂದಕ್ಕೆ ಯಾರಾರ ಇಂಗೆ ಬಂದ್ರೆ, ಯಾವೂರ್ ಮಕ್ಳಿಗೆ ಕೊಡಬಾರ್ದು, ಯಾಕೆ ಕೊಡಬಾರ್ದು ಅಂತ ನಮ್ಮ ಹೆಂಗಸ್ರನ್ನ ಕೂರ್ಸ್ಕಂಡು ಮೊದ್ಲೇ ಯೋಳ್ಬುಡಬಾರ್ದಾ ಸಾ?"

ಪರೀಕ್ಷಕರು ಕನ್ನಡಕದ ಮೇಲಿನಿಂದ ನೋಡಿದರು. "ಮೊದಲೇ ಹಾಗೆ ಹೇಳಿದ್ದರೆ ನೀವು ಕೊಡುತ್ತಿರಲಿಲ್ಲವೇ?"

ಪೊನ್ನಮ್ಮ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ಪರೀಕ್ಷೆಯಲ್ಲಿ ಕೂತವರ ಹಾಗೆ.

"ಕೊಡ್ತಿದ್ವಿ ಸಾ. ನಿಮ್ಗೆ ಯೋಳ್ತಿರ್ಲಿಲ್ಲ, ಅಷ್ಟೇಯ."

ಸಭೆಯೆಲ್ಲ ನಕ್ಕಿತು. ಪರೀಕ್ಷಕರೂ ನಕ್ಕರು, ಪ್ರಬಂಧವನ್ನು ಮುಚ್ಚಿದರು, ಅಧ್ಯಕ್ಷರತ್ತ ತಲೆಯಾಡಿಸಿದರು. ಸ್ವಲ್ಪ ಹೊತ್ತಿನಲ್ಲಿ ಸೆಲ್ವಿ ಡಾಕ್ಟರ್ ಸೆಲ್ವಿ ಆದರು. ಪೊನ್ನಮ್ಮನ ಚೀಲದಿಂದ ಕಜ್ಜಾಯ ಹೊರಬಂದು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಹೋಯಿತು, ಒಬ್ಬರನ್ನೂ ಬಿಡದೆ.

ನನಗೆ ಮಾತ್ರ ನಗು ಬರಲಿಲ್ಲ. ನಮ್ಮ ಗ್ರಂಥಾಲಯದ ಕಪಾಟು ನೆನಪಾಗಿತ್ತು. ಅಲ್ಲಿ ಸಾಲಾಗಿ ನಿಂತಿರುವ ಪ್ರಾಯೋಗಿಕ ಪ್ರಬಂಧಗಳಲ್ಲಿ ಒಂದು ಗುಂಪು ಗೆದ್ದಿದೆ, ಇನ್ನೊಂದು ಇದ್ದಲ್ಲೇ ಇದೆ, ಲೆಕ್ಕ ಚೊಕ್ಕವಾಗಿದೆ. ಅವುಗಳಲ್ಲಿ ಎಷ್ಟರ ಹಿಂದೆ ಒಬ್ಬ ಪೊನ್ನಮ್ಮ ಏನನ್ನೋ ಹೊತ್ತು ಹಳ್ಳ ದಾಟಿ, ಯಾರಿಗೂ ಹೇಳದೆ ಪಾತ್ರೆ ತೊಳೆಯುತ್ತ ಕೂತಿದ್ದಾಳೋ? ಎಷ್ಟರಲ್ಲಿ ಒಬ್ಬ ಶಿವಸ್ವಾಮಿ ಕರುಣೆಯಿಂದ ಕುರ್ಚಿ ಹತ್ತಿರ ಎಳೆದುಕೊಂಡಿದ್ದಾನೋ? ಈ ಚಿಂತೆಗೆ ಹೆಂಡತಿಯ ಬಳಿಯೂ ಔಷಧಿ ಇಲ್ಲ.

ಸೆಲ್ವಿ ಇನ್ನೂ ಹುಣಸೆದೊಡ್ಡಿಯಲ್ಲೇ ಇದ್ದಾರೆ. ಅವರು ಕಾಯುತ್ತಿರುವ ಹುದ್ದೆಗೆ ಅರ್ಜಿ ಕರೆದಿಲ್ಲ. ಕರೆಯುತ್ತಾರೆ ಎಂಬ ಸುದ್ದಿ ಮಾತ್ರ ವರ್ಷವರ್ಷವೂ ಬರುತ್ತದೆ. ರಾಜಪ್ಪ ಮೇಷ್ಟ್ರು ನಿವೃತ್ತರಾದರು. ಮಕ್ಕಳು ಕಲಿತದ್ದರಲ್ಲಿ ತಮ್ಮ ಪಾಲೂ ಸ್ವಲ್ಪ ಇದೆ ಎಂದು ಈಗಲೂ ನಂಬಿದ್ದಾರೆ. ಇರಬಹುದು; ಇಲ್ಲವೆಂದು ತೋರಿಸಲು ನಮ್ಮ ಬಳಿ ಕಂಟ್ರೋಲ್ ಗ್ರೂಪ್ ಇಲ್ಲ.

ಪಿಎಚ್.ಡಿ.ಗೆ ಏನೇನು ಬೇಕು ಎಂಬುದಕ್ಕೆ ವಿಶ್ವವಿದ್ಯಾನಿಲಯದ ನಿಯಮಾವಳಿ ಇದೆ. ಅದಕ್ಕೆ ನಾನು ನನ್ನಷ್ಟಕ್ಕೆ ಒಂದನ್ನು ಸೇರಿಸಿಕೊಂಡಿದ್ದೇನೆ. ಇತ್ತೀಚೆಗೆ ಗುಂಡ್ಲುಪೇಟೆ ಕಡೆಯ ಹುಡುಗನೊಬ್ಬ ಸಿನಾಪ್ಸಿಸ್ ಹಿಡಿದು ಬಂದ. ಎರಡು ಶಾಲೆ, ಎರಡು ಗುಂಪು, ಬಣ್ಣದ ನಕ್ಷೆ, ಎಲ್ಲ ಅಚ್ಚುಕಟ್ಟು. ನಾನು ಎಡಗೈಯಿಲ್ಲದ ಕುರ್ಚಿಯಲ್ಲಿ ಬಲಕ್ಕೆ ವಾಲಿಕೊಂಡು ಪೂರ್ತಿ ಓದಿದೆ.

"ಈ ಊರಿನ ಹೆಣ್ಣುಮಕ್ಕಳನ್ನು ಯಾವ ಊರಿಗೆ ಕೊಟ್ಟಿದ್ದಾರೆ?" ಎಂದೆ.

ಅವನು ಗಾಬರಿಯಾದ. "ಸಾರ್, ಅದು ಯಾವ ವೇರಿಯಬಲ್ ಒಳಗೆ ಬರುತ್ತೆ?"

"ಗೊತ್ತಿಲ್ಲ ಕಣಪ್ಪ" ಎಂದೆ. "ಮೊದಲು ಹೋಗಿ ಕೇಳಿಕೊಂಡು ಬಾ. ಅಡುಗೆ ಕೋಣೆಯಲ್ಲಿ ಕೇಳು."